ಎಲ್ಲ ನಾರ್ಮಲ್ ಅಂದರು: ಮಗಳ ಗೀಳು ಮತ್ತು ನಮ್ಮೂರ ಮಕ್ಕಳ ಡಾಕ್ಟರುಗಳು

ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರಿಗೆ ಬರವಿಲ್ಲ. ಜಗಳೂರು, ಹೊನ್ನಾಳಿ, ಹರಪನಹಳ್ಳಿ, ರಾಣೆಬೆನ್ನೂರು ಕಡೆಯಿಂದೆಲ್ಲ ಜನ ಮಕ್ಕಳನ್ನು ಎತ್ತಿಕೊಂಡು ಇಲ್ಲಿಗೇ ಬರುತ್ತಾರೆ. ಎರಡು ಮೆಡಿಕಲ್ ಕಾಲೇಜುಗಳಿವೆ. ಮಕ್ಕಳಿಗೇ ಅಂತ ಆಸ್ಪತ್ರೆ ಇದೆ. ಪಿ.ಜೆ. ಬಡಾವಣೆ ಕಡೆ ಸಂಜೆ ಒಂದು ಸುತ್ತು ಹೋದರೆ ಕ್ಲಿನಿಕ್ಕುಗಳ ಮುಂದೆ ಚಪ್ಪಲಿ ರಾಶಿ ಕಾಣುತ್ತದೆ. ನನ್ನ ಮಗಳಿಗೆ ಲಸಿಕೆ, ಜ್ವರ, ವಾಂತಿ ಭೇದಿ ಎಲ್ಲಕ್ಕೂ ಇಲ್ಲಿಯ ಡಾಕ್ಟರುಗಳೇ ನೋಡಿದ್ದಾರೆ, ಚೆನ್ನಾಗಿಯೇ ನೋಡಿದ್ದಾರೆ. ಅವಳಿಗೆ ಡೆಂಗಿ ಆಗಿ ಪ್ಲೇಟ್‌ಲೆಟ್ ಇಳಿದಾಗ ನಡುರಾತ್ರಿ ಮನೆಯಿಂದ ಬಂದ ಡಾಕ್ಟರನ್ನು ನಾನು ಮರೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದೆಲ್ಲ ಬರೀ ದೂರಿನ ಹಾಗೆ ಕೇಳಬಾರದು.

ಮಗಳಿಗೆ ಇರುವುದು ಗೀಳು ರೋಗ, ಓಸಿಡಿ. ಬೇಡದ ಯೋಚನೆ ಮತ್ತೆ ಮತ್ತೆ ತಲೆಗೆ ನುಗ್ಗಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಐದನೇ ತರಗತಿಯಲ್ಲಿ ಶುರುವಾಯಿತು. ಅದಕ್ಕೆ ಹೆಸರು ಸಿಗುವಷ್ಟರಲ್ಲಿ ಆರನೇ ತರಗತಿಯ ಅರ್ಧ ವರ್ಷ ಕಳೆದಿತ್ತು. ಆ ನಡುವೆ ಅವಳನ್ನು ನೋಡಿದ ಮಕ್ಕಳ ಡಾಕ್ಟರುಗಳು ಎಲ್ಲರೂ ಅನುಭವ ಇದ್ದವರು. ಅವಳ ಮೂತ್ರ, ರಕ್ತ, ಕಿಡ್ನಿ ಎಲ್ಲವನ್ನೂ ನೋಡಿದರು. ಅವಳನ್ನು ಮಾತ್ರ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ನಮಗೆ ಮೊದಲು ಸುಳಿವು ಕೊಟ್ಟಿದ್ದು ನೀರು. ನಮ್ಮ ಕಡೆ ಕಾರ್ಪೊರೇಷನ್ ನೀರು ದಿನಾ ಬರುವುದಿಲ್ಲ. ಬೇಸಿಗೆಯಲ್ಲಿ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯ ಮಟ್ಟ ಇಳಿದರೆ ಇಡೀ ಊರು ಆ ಬಗ್ಗೆಯೇ ಮಾತಾಡುತ್ತದೆ. ಹಾಗಾಗಿ ಸಂಪಿನಲ್ಲಿ ಎಷ್ಟಿದೆ, ಎಷ್ಟು ದಿನ ಬರುತ್ತೆ ಅನ್ನುವ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆ ಲೆಕ್ಕ ತಪ್ಪತೊಡಗಿತು. ಸೋಪು ವಾರಕ್ಕೆ ಮುಂಚೆಯೇ ಕರಗುತ್ತಿತ್ತು. ನೋಡಿದರೆ ಬಚ್ಚಲಲ್ಲಿ ಮಗಳು. ಮೊಣಕೈವರೆಗೂ ಸೋಪು ಹಚ್ಚುವುದು, ತೊಳೆಯುವುದು, ನಲ್ಲಿ ನಿಲ್ಲಿಸುವುದು, ನಲ್ಲಿ ಮುಟ್ಟಿದೆ ಅಂತ ಮತ್ತೆ ಮೊದಲಿಂದ ಶುರು. ಬಾಗಿಲು ತಟ್ಟಿದರೆ ಅಳು.

ನಮ್ಮ ಅತ್ತೆ ಮಡಿ ಮಾಡುವವರು. ಒದ್ದೆ ಸೀರೆಯಲ್ಲೇ ದೇವರ ಮನೆಗೆ ಹೋಗುತ್ತಾರೆ, ಆಗ ಯಾರೂ ಮುಟ್ಟುವ ಹಾಗಿಲ್ಲ. ಮೊಮ್ಮಗಳನ್ನು ನೋಡಿ ಮೊದಮೊದಲು ಅವರಿಗೆ ಖುಷಿಯೇ ಆಯಿತು. ಅದೂ ಅಲ್ಲದೆ ಕೋವಿಡ್ ವರ್ಷಗಳಲ್ಲಿ ಈ ಮಕ್ಕಳಿಗೆ ಇಪ್ಪತ್ತು ಸೆಕೆಂಡು ಎಣಿಸಿ ಕೈ ತೊಳೆಯೋದನ್ನು ಹೇಳಿಕೊಟ್ಟವರೇ ನಾವು. ಆದರೆ ಅತ್ತೆ ಮಡಿ ಮುಗಿಸಿ ಬರುವಾಗ ಮುಖದಲ್ಲಿ ನೆಮ್ಮದಿ ಇರುತ್ತದೆ. ಮಗಳು ಬಚ್ಚಲಿಂದ ಬರುವಾಗ ಕಣ್ಣು ಕೆಂಪಾಗಿರುತ್ತಿತ್ತು. ಎರಡೂ ಒಂದೇ ಅಲ್ಲ ಅಂತ ಅತ್ತೆಗೇ ಮೊದಲು ಅನಿಸಿತು. "ಇದು ಮಡಿ ಅಲ್ಲ ಕಣೇ, ಮಗು ಏನನ್ನೋ ಹೆದರ್ಕೊಂಡಿದೆ" ಅಂದರು. ಮುಂದೆ ದೊಡ್ಡ ದೊಡ್ಡ ಡಿಗ್ರಿಯವರು ಹೇಳಿದ್ದಕ್ಕೆಲ್ಲ ಇದನ್ನು ಹೋಲಿಸಿ ನೋಡಿದರೆ ನಗು ಬರುತ್ತದೆ.

ಕೈ ಒಡೆದು ರಕ್ತ ಜಿನುಗತೊಡಗಿದಾಗ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆವು. ಅವರು ಕೈ ತಿರುಗಿಸಿ ನೋಡಿದರು. ಎಕ್ಸಿಮಾ ಇರಬಹುದು ಅಂತ ಮುಲಾಮು ಬರೆದರು, ಸೋಪು ಬದಲಿಸಿ ಅಂದರು. ನಾನು ತೊಳೆಯುವ ವಿಷಯ ಹೇಳಿದೆ. ನಿಲ್ಲಿಸೋಕೆ ಹೋದರೆ ನಡುಗುತ್ತಾಳೆ ಅಂತಲೂ ಹೇಳಿದೆ. ಅವರು ನಕ್ಕರು. "ನೋಡ್ರಿ, ದಿನಾ ಬರೋ ತಾಯಂದಿರು ಮಕ್ಕಳು ಕೈ ತೊಳೆಯಲ್ಲ ಅಂತ ಅಳ್ತಾರೆ. ನಿಮ್ಮದು ಉಲ್ಟಾ ದೂರು!" ಹೊರಗೆ ಸಾಲು ದೊಡ್ಡದಿತ್ತು. ಕಾಂಪೌಂಡರ್ ಆಗಲೇ ಮುಂದಿನ ಹೆಸರು ಕೂಗಿದ್ದ.

ಮುಲಾಮು ಹಚ್ಚಿದರೆ ಅದನ್ನೂ ತೊಳೆಯುತ್ತಿದ್ದಳು.

ಆಮೇಲೆ ಮೂತ್ರದ ಸೋಂಕು ಬಂತು. ಶಾಲೆಯ ಟಾಯ್ಲೆಟ್‌ಗೆ ಹೋದರೆ ತೊಳೆದು ಮುಗಿಸಲು ಪೀರಿಯಡ್ಡೇ ಸಾಲದು. ಅದಕ್ಕೆ ಬೆಳಗಿಂದ ಸಂಜೆವರೆಗೆ ಮೂತ್ರ ಕಟ್ಟಿಕೊಂಡು ಕೂರುತ್ತಿದ್ದಳು. ಹೋಗಬೇಕಾಗಬಾರದು ಅಂತ ನೀರೂ ಕುಡಿಯುತ್ತಿರಲಿಲ್ಲ. ಡಬ್ಬಿ ತುಂಬಿದ್ದು ಹಾಗೇ ವಾಪಸ್ ಬರುತ್ತಿತ್ತು, ತೂಕ ಇಳಿಯಿತು. ಈ ಸಲ ಪರೀಕ್ಷೆಗಳು ಜೋರಾಗಿಯೇ ನಡೆದವು. ಮೂತ್ರದ ಕಲ್ಚರ್, ಕಿಡ್ನಿ ಸ್ಕ್ಯಾನಿಂಗ್, ಹಿಮೋಗ್ಲೋಬಿನ್, ಥೈರಾಯ್ಡ್, ಸಾಲದ್ದಕ್ಕೆ ಜಂತುಹುಳಕ್ಕೂ ಒಂದು ಮಾತ್ರೆ. ಸೋಂಕಿಗೆ ಆ್ಯಂಟಿಬಯೋಟಿಕ್ ಕೊಟ್ಟರು, ವಾಸಿಯಾಯಿತು. ಉಳಿದದ್ದೆಲ್ಲ ನಾರ್ಮಲ್. "ಎಲ್ಲ ನಾರ್ಮಲ್ ಐತಿ. ಖುಷಿ ಪಡಬೇಕು ನೀವು" ಅಂದರು. ಹತ್ತು ವರ್ಷದ ಮಗು ಯಾಕೆ ಇಡೀ ದಿನ ಮೂತ್ರ ತಡೆದುಕೊಳ್ಳುತ್ತೆ ಅಂತ ಕೇಳಲಿಲ್ಲ. ಜಾಸ್ತಿ ನೀರು ಕುಡಿಸಿ ಅಂತ ಹೇಳಿ ಕಳಿಸಿದರು.

ಬೇರೆ ಕಡೆ ತೋರಿಸೋಣ ಅಂತ ಇನ್ನೊಬ್ಬರ ಹತ್ತಿರ ಹೋದೆವು. ಇವರು ವಯಸ್ಸಿನಲ್ಲಿ ಚಿಕ್ಕವರು, ಮಾತೂ ಚುರುಕು. ನಾನು ಹೇಳುವುದನ್ನು ಪೂರ್ತಿ ಕೇಳಿದರು. ಕೇಳಿ ಮಗಳ ಕಡೆ ತಿರುಗಲಿಲ್ಲ, ನನ್ನ ಕಡೆಗೇ ತಿರುಗಿದರು. ನೀವು ಕೆಲಸಕ್ಕೆ ಹೋಗ್ತೀರಾ? ಬ್ಯಾಂಕಾ? ಎಷ್ಟು ಗಂಟೆಗೆ ಬರ್ತೀರಿ? ಒಬ್ಬಳೇ ಮಗಳಾ? ಮೊಬೈಲ್ ಎಷ್ಟು ಹೊತ್ತು ನೋಡ್ತಾಳೆ? ಕೊನೆಗೆ, "ಇದೆಲ್ಲ ನಿಮ್ಮ ಗಮನ ಸೆಳೆಯೋಕೆ ಮಾಡೋದು. ಸ್ವಲ್ಪ ಸ್ಟ್ರಿಕ್ಟ್ ಆಗಿ, ಬಚ್ಚಲ ಬಾಗಿಲಿಗೆ ಚಿಲಕ ಇಡಬೇಡಿ, ಸರಿಹೋಗುತ್ತೆ" ಅಂದರು. ಮಗಳಿಗೆ ಹೇಳಿದ್ದು ಒಂದೇ ಮಾತು: "ಹಿಂಗೆಲ್ಲ ಮಾಡಿದರೆ ಇಂಜೆಕ್ಷನ್ ಚುಚ್ತೀನಿ." ಮಲ್ಟಿವಿಟಮಿನ್ ಸಿರಪ್ ಬರೆದುಕೊಟ್ಟರು. ಮಗುವಿನ ಕೈ ಒಡೆದರೆ ಚರ್ಮ ನೋಡುತ್ತಾರೆ, ಮನಸ್ಸು ಒಡೆದರೆ ತಾಯಿಯ ಟೈಮ್‌ಟೇಬಲ್ ನೋಡುತ್ತಾರೆ. ಅಪ್ಪ ಪಕ್ಕದಲ್ಲೇ ಕೂತಿದ್ದರು. ಅವರನ್ನು ಎಷ್ಟು ಗಂಟೆಗೆ ಮನೆಗೆ ಬರ್ತೀರಿ ಅಂತ ಯಾರೂ ಕೇಳಲಿಲ್ಲ.

ಈ ಇಬ್ಬರ ಮೇಲೆ ನನಗೆ ಅಷ್ಟೊಂದು ಸಿಟ್ಟಿಲ್ಲ. ಅವರಿಗೆ ಅದು ಏನು ಅಂತ ತಿಳಿಯಲೇ ಇಲ್ಲ. ಸಿಟ್ಟು ಇರುವುದು ಮೂರನೆಯವರ ಮೇಲೆ, ಯಾಕಂದರೆ ಅವರಿಗೆ ತಿಳಿಯಿತು.

ಅವರು ಊರಿನ ಹಿರಿಯ ಡಾಕ್ಟರು, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ನಾನು ಹೇಳುತ್ತಿದ್ದಂತೆಯೇ ತಲೆಯಾಡಿಸಿದರು. ಮಗಳನ್ನು ನರ್ಸ್ ಜೊತೆ ಹೊರಗೆ ಕಳಿಸಿದರು. ದನಿ ತಗ್ಗಿಸಿ, "ಇದು ಓಸಿಡಿ ಇದ್ದಂಗೆ ಕಾಣ್ತದೆ" ಅಂದರು. ಅಷ್ಟು ದಿನಕ್ಕೆ ಯಾರೋ ಒಬ್ಬರು ಹೆಸರು ಹೇಳಿದರಲ್ಲ ಅಂತ ನನಗೆ ಅಳುವೇ ಬಂತು. ಹಾಗಾದರೆ ಎಲ್ಲಿಗೆ ಹೋಗಬೇಕು ಸರ್ ಅಂದೆ. ಅವರು ಪೆನ್ನು ಕೆಳಗಿಟ್ಟರು. "ನೋಡಮ್ಮ, ಹೆಣ್ಣು ಮಗು. ನಾನು ಸೈಕಿಯಾಟ್ರಿ ಅಂತ ಚೀಟಿ ಬರೆದರೆ ಅದು ಫೈಲಲ್ಲಿ ಉಳೀತದೆ. ನಮ್ಮದು ಚಿಕ್ಕ ಊರು. ನಾಳೆ ಮದುವೆ ಅಂದಾಗ ಯಾರಾದರೂ ಎತ್ತಿ ಆಡ್ತಾರೆ. ಆ ಮಾತ್ರೆ ಒಂದ್ಸಲ ಹಿಡಿದರೆ ಜೀವನಪೂರ್ತಿ. ಯೋಗ ಹಾಕಿ, ಪ್ರಾಣಾಯಾಮ ಮಾಡಿಸಿ. ದೊಡ್ಡವಳಾದ ಮೇಲೆ ತಾನೇ ಹೋಗ್ತದೆ." ಕೇಸ್ ಶೀಟಿನಲ್ಲಿ ಬರೆದದ್ದು ಸಾಮಾನ್ಯ ನಿಶ್ಶಕ್ತಿ ಅಂತ. ಅದರ ಕೆಳಗೆ, ತಾಯಿಗೆ ಧೈರ್ಯ ಹೇಳಲಾಗಿದೆ ಅಂತ.

ಅವರು ಕೆಟ್ಟ ಮನುಷ್ಯ ಅಲ್ಲ. ತಮ್ಮ ಮೊಮ್ಮಗಳಿಗೆ ಹೇಳಿದ ಹಾಗೇ ಹೇಳಿದರು. ಆದರೆ ಆ ದಿನ ನಮ್ಮ ಮನೆಯಲ್ಲಿ ಯಾರ ತಲೆಯಲ್ಲೂ ಮದುವೆ ಇರಲಿಲ್ಲ. ಆ ಭಯವನ್ನು ನಮ್ಮೊಳಗೆ ಇಟ್ಟು ಕಳಿಸಿದವರು ಅವರೇ. ಡಾಕ್ಟರೇ ಬರೆಯಲು ಹೆದರುವ ಕಾಯಿಲೆ ಅಂದಮೇಲೆ ಅದು ಎಂಥಾ ಕಾಯಿಲೆ ಇರಬೇಡ ಅಂತ ನನ್ನ ಗಂಡ ರಾತ್ರಿಯೆಲ್ಲ ಮಲಗಲಿಲ್ಲ. ಶುಗರ್ ಇದ್ದ ಮಗುವಿಗೆ ಹೆಣ್ಣು ಅನ್ನುವ ಕಾರಣಕ್ಕೆ ಇನ್ಸುಲಿನ್ ಬರೆಯದೆ ಬಿಡುತ್ತಿದ್ದರಾ ಅವರು? ಖಂಡಿತ ಇಲ್ಲ.

ಚೀಟಿ ಕೊನೆಗೂ ಫೋನಿನಲ್ಲಿ ಸಿಕ್ಕಿತು ಅನ್ನಬಹುದು. ಬ್ಯಾಂಕಿನ ಸಹೋದ್ಯೋಗಿಯೊಬ್ಬರು 14416 ನಂಬರ್ ಕೊಟ್ಟರು. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಎಲ್ಲರೂ ಮಲಗಿದ ಮೇಲೆ ಟೆರೇಸಿಗೆ ಹೋಗಿ ಮಾಡಿದೆ. ಆ ಕಡೆಯ ಹುಡುಗಿ ನನಗೆ ಬುದ್ಧಿ ಹೇಳಲಿಲ್ಲ. ಮಗಳು ತನಗೆ ತಾನೇ ಏನಾದರೂ ಮಾಡಿಕೊಳ್ಳೋ ಮಾತಾಡಿದ್ದಾಳಾ ಅಂತ ನೇರವಾಗಿ ಕೇಳಿದಳು. ಇಲ್ಲ ಅಂದೆ. ಹಾಗಾದರೆ ಗಾಬರಿ ಬೇಡ, ಆದರೆ ತಡವೂ ಬೇಡ ಅಂದಳು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ನಿಮ್ಮೂರ ಮೆಡಿಕಲ್ ಕಾಲೇಜುಗಳಲ್ಲೂ ಸೈಕಿಯಾಟ್ರಿ ವಿಭಾಗ ಇರುತ್ತೆ, ಅಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ, ಚೀಟಿ ಇಲ್ಲದೆಯೂ ಹೋಗಿ ತೋರಿಸಬಹುದು ಅಂತ ಹೇಳಿದಳು.

ನಾವು ಬೆಂಗಳೂರಿಗೆ ಹೋಗಬೇಕಾಗಲಿಲ್ಲ. ನಮಗೆ ಬೇಕಾದ ಡಾಕ್ಟರು ಇದ್ದದ್ದು ಮಗಳ ಕಿಡ್ನಿ ಸ್ಕ್ಯಾನ್ ಮಾಡಿಸಿದ ಕಾಂಪೌಂಡಿನಲ್ಲೇ. ಅವತ್ತು ಯಾರಾದರೂ ಬೆರಳು ತೋರಿಸಿದ್ದರೆ ಐದು ನಿಮಿಷದ ನಡಿಗೆ.

ಆ ಡಾಕ್ಟರು ಮೊದಲು ನಮ್ಮ ಮಾತು ಕೇಳಿದರು, ಆಮೇಲೆ ನಮ್ಮನ್ನು ಹೊರಗೆ ಕೂರಿಸಿ ಮಗಳ ಜೊತೆ ಮಾತಾಡಿದರು. ಹಿಂದಿನವರೆಲ್ಲ ನಮ್ಮ ಜೊತೆಯೇ ಮಾತಾಡಿದ್ದರು, ಒಬ್ಬರಂತೂ ಮಗಳನ್ನು ಹೊರಗೆ ಕಳಿಸಿ. ಅವರು ಕೇಳಿದ ಪ್ರಶ್ನೆ ತೀರಾ ಸರಳ: ಕೈ ತೊಳೆಯದೇ ಇದ್ದರೆ ಏನಾಗುತ್ತೆ ಅನ್ಸುತ್ತೆ ಪುಟ್ಟಾ?

"ಅಮ್ಮ ಸತ್ತು ಹೋಗ್ತಾಳೆ" ಅಂದಳಂತೆ.

ಕೊಳೆ, ಕ್ರಿಮಿ ಅಂತೆಲ್ಲ ನಾವು ಅಂದುಕೊಂಡಿದ್ದು ಅರ್ಧ ಮಾತ್ರ ನಿಜ. ಹೊರಗಿನ ಕೊಳೆ ಅವಳ ಕೈಯಿಂದ ನನಗೆ ತಗುಲಿ ನಾನು ಸಾಯುತ್ತೇನೆ ಅನ್ನುವ ಯೋಚನೆ ಬೇಡ ಬೇಡ ಅಂದರೂ ತಲೆಗೆ ನುಗ್ಗುತ್ತಿತ್ತು. ಸರಿಯಾಗಿ ತೊಳೆದರೆ ಆ ಯೋಚನೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು. ಆ ಸ್ವಲ್ಪ ಹೊತ್ತಿಗೋಸ್ಕರ ಇಷ್ಟೆಲ್ಲ. ತೊಳೆದಷ್ಟೂ ಯೋಚನೆಗೆ ಬಲ ಬರುತ್ತೆ, ಅದೇ ಈ ಕಾಯಿಲೆಯ ಚಕ್ರ ಅಂತ ಡಾಕ್ಟರು ಹೇಳಿದರು. ಇದು ಯಾಕೆ ಯಾರಿಗೂ ಹೇಳಲಿಲ್ಲ ಅಂತ ಆಮೇಲೆ ಮಗಳನ್ನು ಕೇಳಿದೆ. "ಹೇಳಿದರೆ ಹಂಗೇ ಆಗಿಬಿಟ್ರೆ?" ಅಂದಳು.

ಆಮೇಲೆ ಹತ್ತು ಪ್ರಶ್ನೆಗಳ ಒಂದು ಅಳತೆಗೋಲು ಇಟ್ಟು ನೋಡಿದರು. ಯೋಚನೆಗೆ ಐದು, ಮಾಡುವ ಕೆಲಸಕ್ಕೆ ಐದು. ಎಷ್ಟು ಹೊತ್ತು ತಿನ್ನುತ್ತೆ, ಎಷ್ಟು ಅಡ್ಡಿ, ಎಷ್ಟು ಸಂಕಟ, ತಡೆಯೋಕೆ ಎಷ್ಟು ಪ್ರಯತ್ನ ಮಾಡ್ತೀಯ, ಎಷ್ಟು ಹಿಡಿತ ಇದೆ ಅಂತ. ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 40. ಅದರಲ್ಲಿ 24 ಮುಟ್ಟಿದರೆ ತೀವ್ರ ಅಂತ ಲೆಕ್ಕ. ಮಗಳದು ದಾಟಿತ್ತು. ಇದಕ್ಕೆ ಮಷೀನು ಬೇಡ, ಲ್ಯಾಬು ಬೇಡ. ಒಂದು ಹಾಳೆ, ಪಕ್ಕದಲ್ಲಿ ಕೂತು ಕೇಳುವಷ್ಟು ಸಮಯ, ಅಷ್ಟೇ.

ಚಿಕಿತ್ಸೆ ಹೇಗಿರುತ್ತೆ ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಖ್ಯವಾದದ್ದು ಥೆರಪಿ. ಭಯ ಹುಟ್ಟಿಸುವುದನ್ನು ಬೇಕಂತಲೇ ಮುಟ್ಟುವುದು, ಮುಟ್ಟಿದ ಮೇಲೆ ತೊಳೆಯದೆ ಇರುವುದು. ಸೈಕಾಲಜಿಸ್ಟ್ ಮಗಳ ಜೊತೆ ಕೂತು ಭಯಗಳ ಪಟ್ಟಿ ಮಾಡಿದರು, ಚಿಕ್ಕದರಿಂದ ದೊಡ್ಡದಕ್ಕೆ. ಗೇಟಿನ ಅಗಳಿ ಕೆಳಗಿನ ಮೆಟ್ಟಿಲು. ಅಲ್ಲಿಂದ ಆಟೋ ಸೀಟು, ತರಕಾರಿಯವನು ಕೊಟ್ಟ ಚಿಲ್ಲರೆ, ಸಿಟಿ ಬಸ್ಸಿನ ಕಂಬಿ. ತುತ್ತ ತುದಿಯಲ್ಲಿ ಶಾಲೆಯ ಟಾಯ್ಲೆಟ್ಟಿನ ನಲ್ಲಿ ಮುಟ್ಟಿ, ಮನೆಗೆ ಬಂದು ನನ್ನ ಕೆನ್ನೆ ಮುಟ್ಟುವುದು. ಪ್ರತಿ ಸಲ ಭಯಕ್ಕೆ ಹತ್ತರಲ್ಲಿ ಎಷ್ಟು ಅಂತ ಅವಳೇ ನಂಬರ್ ಕೊಡಬೇಕು. ಎಂಟು ಅಂತ ಶುರುವಾದದ್ದು ತೊಳೆಯದೆ ಕೂತರೂ ಮೆಲ್ಲಗೆ ಐದಕ್ಕೆ, ಮೂರಕ್ಕೆ ಬರುತ್ತದೆ. ಅದು ತಾನಾಗಿ ಇಳಿಯುತ್ತೆ ಅನ್ನುವುದು ಮಗುವಿಗೆ ಮೈಯಿಂದಲೇ ಗೊತ್ತಾಗಬೇಕು. ಬಾಯಲ್ಲಿ ಸಾವಿರ ಸಲ ಹೇಳಿದರೂ ಆಗದು.

ಮನೆಯವರಿಗೂ ಪಾಠ ಇತ್ತು. "ಏನೂ ಆಗಲ್ಲ ಅಲ್ವಾ ಅಮ್ಮ?" ಅಂತ ಅವಳು ದಿನವಿಡೀ ಕೇಳುತ್ತಿದ್ದಳು. ಏನೂ ಆಗಲ್ಲ ಕಂದ ಅಂತ ನಾನು ಹೇಳುವುದೂ ಕೈ ತೊಳೆದ ಹಾಗೆಯೇ ಕೆಲಸ ಮಾಡುತ್ತೆ, ಹೇಳಬೇಡಿ ಅಂದರು. ತಾಯಿಯಾಗಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಅತ್ತೆಯನ್ನೂ ಒಂದು ದಿನ ಕರೆಸಿದರು. ಮಡಿ ಬಿಡಿ ಅಂತ ಹೇಳುತ್ತಾರೇನೋ ಅಂತ ಅವರು ಬಿಗುವಾಗಿಯೇ ಬಂದಿದ್ದರು. ಸೈಕಾಲಜಿಸ್ಟ್ ಹಾಗೆ ಹೇಳಲಿಲ್ಲ. ನಿಮ್ಮ ಪೂಜೆ ನಿಮ್ಮದು, ಮೊಮ್ಮಗಳಿಗೆ ಮಾತ್ರ ಕೈ ತೊಳ್ಕೊಂಡ್ಯಾ ಅಂತ ಕೇಳಬೇಡಿ ಅಂದರು. ನಮ್ಮ ಮನೆಯಲ್ಲಿ ಆ ನಿಯಮವನ್ನು ಸರಿಯಾಗಿ ಪಾಲಿಸಿದವರು ಅವರೊಬ್ಬರೇ. ನನ್ನ ಗಂಡ ಕದ್ದು ಕದ್ದು ಸಮಾಧಾನ ಹೇಳಿ ಸಿಕ್ಕಿಬೀಳುತ್ತಿದ್ದರು.

ಮಾತ್ರೆಯ ಬಗ್ಗೆಯೂ ಹೇಳಬೇಕು. ಸರ್ಟ್ರಲಿನ್, 25 ಮಿಲಿಗ್ರಾಂನಿಂದ ಶುರು. ಆ ಹಿರಿಯ ಡಾಕ್ಟರು ಹೇಳಿದ್ದು ತಲೆಯಲ್ಲಿ ಕೂತಿತ್ತಲ್ಲ, ಜೀವನಪೂರ್ತಿನಾ ಅಂತ ಕೇಳಿದೆ. ಇದು ಚಟ ಹಿಡಿಸುವ ಮಾತ್ರೆ ಅಲ್ಲ, ಚೆನ್ನಾದ ಮೇಲೆ ಕೆಲವು ತಿಂಗಳು ಮುಂದುವರಿಸಿ ನಿಧಾನವಾಗಿ ಇಳಿಸುತ್ತೇವೆ, ಕೆಲವರಿಗೆ ಮತ್ತೆ ಬೇಕಾಗಬಹುದು ಅಂದರು. ಕೆಲಸ ಮಾಡಲು ವಾರಗಟ್ಟಲೆ ಬೇಕು, ಎರಡು ದಿನಕ್ಕೆ ಫಲ ನೋಡಬೇಡಿ ಅಂತಲೂ ಹೇಳಿದರು. ಮುಚ್ಚಿಡದೆ ಇನ್ನೊಂದು ವಿಷಯ ಹೇಳಿದರು. ಖಿನ್ನತೆಗೂ ಕೊಡುವ ಈ ಗುಂಪಿನ ಮಾತ್ರೆಗಳಿಂದ ಕೆಲವು ಮಕ್ಕಳಲ್ಲಿ ಸಾಯುವ ಯೋಚನೆ ಜಾಸ್ತಿ ಆಗಬಹುದು ಅಂತ 2004ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಹಾಕಿಸಿದೆ, ಅದಕ್ಕೆ ಮೊದಲ ವಾರಗಳಲ್ಲಿ ಕಣ್ಣಿಟ್ಟಿರಿ, ಮಂಕಾದರೆ ಅಥವಾ ವಿಪರೀತ ಚಡಪಡಿಸಿದರೆ ತಕ್ಷಣ ಫೋನ್ ಮಾಡಿ ಅಂತ. ಅದೇ ವರ್ಷ ಅಲ್ಲಿಯೇ ಓಸಿಡಿ ಇದ್ದ 112 ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ಥೆರಪಿ ಮತ್ತು ಈ ಮಾತ್ರೆ ಎರಡೂ ಸೇರಿದಾಗ ಎಲ್ಲಕ್ಕಿಂತ ಒಳ್ಳೆ ಫಲ ಸಿಕ್ಕಿದ್ದನ್ನೂ ಹೇಳಿದರು. ಒಳ್ಳೆಯದು, ಅಪಾಯ ಎರಡನ್ನೂ ನಮ್ಮ ಮುಂದೆ ಇಟ್ಟರು. ಹೆದರಿಸುವವರಿಗೂ ತಿಳಿಸುವವರಿಗೂ ಇರುವ ವ್ಯತ್ಯಾಸ ನನಗೆ ಅಲ್ಲಿ ಕಂಡಿತು.

ತಿಂಗಳುಗಳು ಕಳೆದಂತೆ ಸೋಪು ಉಳಿಯತೊಡಗಿತು. ಕೈಯ ಚರ್ಮ ಮುಲಾಮು ಇಲ್ಲದೆ ಮಾಯಿತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಕ್ಕಳ ಡಾಕ್ಟರುಗಳ ವಿಷಯದಲ್ಲಿ ಎರಡನೇ ಅಧ್ಯಾಯ ಆಮೇಲೆ ಶುರುವಾಯಿತು.

ಮಗಳಿಗೆ ಜ್ವರ, ಕೆಳಹೊಟ್ಟೆ ನೋವು. ರಾತ್ರಿ ಹೊತ್ತು, ಸಿಕ್ಕ ಆಸ್ಪತ್ರೆಗೆ ಹೋದೆವು. ಯಾವ ಮಾತ್ರೆ ತಗೊಳ್ತಿದ್ದಾಳೆ ಅಂತ ಡ್ಯೂಟಿಯಲ್ಲಿದ್ದ ಮಕ್ಕಳ ಡಾಕ್ಟರು ಕೇಳಿದರು. ನಾನು ಸ್ಟ್ರಿಪ್ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಓದಿದರು. "ಸೈಕಿಯಾಟ್ರಿ ಕೇಸಾ?" ಅಂತ ನರ್ಸನ್ನು ಕೇಳಿದರು. ನಮ್ಮನ್ನಲ್ಲ, ನರ್ಸನ್ನು. ಪಕ್ಕದ ಬೆಡ್ಡಿನವರೆಲ್ಲ ತಿರುಗಿ ನೋಡಿದರು. ಅಲ್ಲಿಂದ ಮುಂದೆ ಅವರು ಮಗಳ ಹೊಟ್ಟೆ ಮುಟ್ಟಿದ್ದು ಹೆಸರಿಗೆ ಮಾತ್ರ. ಟೆನ್ಷನ್ನಿಂದ ಇಂಥ ಮಕ್ಕಳಿಗೆ ಹೊಟ್ಟೆ ನೋವು ಬರುತ್ತಿರುತ್ತೆ, ಜ್ವರ ವೈರಲ್ ಇರಬಹುದು, ಅವರ ಡಾಕ್ಟರಿಗೇ ತೋರಿಸಿ ಅಂದರು. ಹಿಂದೆ ಮೂತ್ರದ ಸೋಂಕು ಆಗಿತ್ತು, ಒಂದು ಮೂತ್ರ ಪರೀಕ್ಷೆ ಮಾಡಿಸಿ ಅಂತ ನಾನು ಹಟ ಹಿಡಿದೆ. ಬೇಸರದಿಂದಲೇ ಬರೆದರು. ಸೋಂಕು ಇತ್ತು.

ಇದೇ ನಾನು ಹೇಳಬೇಕೆಂದಿರುವ ವಿಷಯ. ಮೊದಲು ಎಲ್ಲವೂ ದೇಹದ್ದು ಅಂತ ಮೂತ್ರ ಪರೀಕ್ಷೆ ಮೇಲೆ ಪರೀಕ್ಷೆ, ಮನಸ್ಸಿನ ಮಾತೇ ಇಲ್ಲ. ಸ್ಟ್ರಿಪ್ ನೋಡಿದ ಮೇಲೆ ಎಲ್ಲವೂ ಮನಸ್ಸಿನದ್ದು, ಮೂತ್ರ ಪರೀಕ್ಷೆಯೇ ಬೇಡ. ಮಗಳು ಅದೇ ಮಗಳು. ಕಳಂಕ ಅಂದರೆ ಬೈಯುವುದು, ಹುಚ್ಚು ಅನ್ನುವುದು ಅಂತ ಅಂದುಕೊಂಡಿದ್ದೆ. ಈ ಡಾಕ್ಟರುಗಳಲ್ಲಿ ಯಾರೂ ಬೈಯಲಿಲ್ಲ. ಅವರ ಕಣ್ಣು ಒಂದು ಕಡೆ ಮಾತ್ರ ನೋಡುತ್ತಿತ್ತು, ಅಷ್ಟೇ. ಅಷ್ಟಕ್ಕೇ ಒಂದು ಮಗುವಿನ ವರ್ಷ ಹಾಳಾಗುತ್ತದೆ. ಅಂದ ಹಾಗೆ, ಹತ್ತು ಜನರ ಮುಂದೆ ಅವರು ಕೂಗಿದರಲ್ಲ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂತ 2017ರದ್ದು ಒಂದಿದೆ. ಅದರ 23ನೇ ಸೆಕ್ಷನ್ ಪ್ರಕಾರ ರೋಗಿಯ ವಿಷಯವನ್ನು ಗುಟ್ಟಾಗಿ ಇಡಬೇಕು. ಇದನ್ನು ನನಗೆ ತಿಳಿಸಿದವರು ಮಗಳ ಮನೋವೈದ್ಯರು.

ಈಗ ನಾವು ತೋರಿಸುತ್ತಿರುವ ಮಕ್ಕಳ ಡಾಕ್ಟರು ಬೇರೆ. ಮನೋವೈದ್ಯರೇ ಅವರಿಗೆ ಪತ್ರ ಬರೆದು ಕಳಿಸಿದರು. ಮೊದಲ ದಿನವೇ ಅವರು ಆ ಪತ್ರವನ್ನು ಪೂರ್ತಿ ಓದಿ ಫೈಲಿಗೆ ಪಿನ್ ಮಾಡಿದರು. ಹೋದಾಗಲೆಲ್ಲ ತೂಕ, ಎತ್ತರ ನೋಡುತ್ತಾರೆ, ನಿದ್ದೆ ಹೇಗಿದೆ ಅಂತ ಕೇಳುತ್ತಾರೆ. ಜ್ವರಕ್ಕೆ ಏನಾದರೂ ಬರೆಯುವ ಮುಂಚೆ ಸರ್ಟ್ರಲಿನ್ ಜೊತೆ ಆಗುತ್ತಾ ಅಂತ ನೋಡುತ್ತಾರೆ. ಮಗಳನ್ನು ನೇರವಾಗಿ ಮಾತಾಡಿಸುತ್ತಾರೆ.

ಒಂದು ಸಂಜೆ ಕ್ಲಿನಿಕ್ಕಿನಲ್ಲಿ ಜನ ಕಡಿಮೆ ಇತ್ತು. ನಾನು ಕೇಳಿಯೇಬಿಟ್ಟೆ, ಉಳಿದವರು ಯಾಕೆ ಮೇಡಂ ಹಿಂಗೆ ಅಂತ. ಅವರು ತಮ್ಮವರನ್ನು ಬಿಟ್ಟುಕೊಡಲಿಲ್ಲ, ಸುಳ್ಳೂ ಹೇಳಲಿಲ್ಲ. "ನಾವು ಎಂಬಿಬಿಎಸ್ ಓದುವಾಗ ಸೈಕಿಯಾಟ್ರಿ ಪೋಸ್ಟಿಂಗ್ ಎರಡು ವಾರ. ಆಗ ನಾವು ರಜೆ ಸಿಕ್ಕಿತು ಅಂತ ಮನೆಗೆ ಹೋಗ್ತಿದ್ದೆವು. ಸೈಕಿಯಾಟ್ರಿ ತಗೊಂಡವರನ್ನು ನಮ್ಮ ನಮ್ಮಲ್ಲೇ ಆಡಿಕೊಳ್ತಿದ್ದೆವು. ಅದು ಅಲ್ಲಿಂದಲೇ ಶುರು" ಅಂದರು. ಇನ್ನೊಂದು ಮಾತು ಹೇಳಿದರು. "ಕೇಳೋಕೆ ನಮಗೆ ಹೆದರಿಕೆ. ಕೇಳಿದರೆ ಮಗು ಏನಾದರೂ ಹೇಳಿಬಿಡ್ತದೆ. ಹೇಳಿದ ಮೇಲೆ ಏನು ಮಾಡಬೇಕು ಅಂತ ನಮಗೇ ಗೊತ್ತಿರಲ್ಲ. ಹೊರಗೆ ಐವತ್ತು ಜನ ಕಾಯ್ತಿರ್ತಾರೆ." ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ ಅಂದರೆ ನನ್ನ ಮಗುವಿಗೆ ಹುಚ್ಚಾ ಅಂತ ಜಗಳ ಮಾಡಿ ಎದ್ದು ಹೋದ ತಂದೆ ತಾಯಂದಿರೂ ಇದ್ದಾರಂತೆ. ಅವರು ಮತ್ತೆ ಆ ಕ್ಲಿನಿಕ್ಕಿಗೆ ಬಂದಿಲ್ಲ. ಎಲ್ಲರಿಗೂ ಪ್ರ್ಯಾಕ್ಟೀಸ್ ಉಳೀಬೇಕಲ್ಲ ಅಂದರು. ಇದು ನಿಜ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಅಂಥ ಇಬ್ಬರು ಸಿಗುತ್ತಾರೆ ನನಗೆ.

ಆದರೆ ಗೊತ್ತಿಲ್ಲ, ಟೈಮಿಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನ್ನ ತವರು ಹರಪನಹಳ್ಳಿ. ಈಗ ವಿಜಯನಗರ ಜಿಲ್ಲೆ, ನಡುವೆ ಕೆಲವು ವರ್ಷ ದಾವಣಗೆರೆಗೆ ಸೇರಿತ್ತು, ನಾನು ಚಿಕ್ಕವಳಿದ್ದಾಗ ಬಳ್ಳಾರಿ ಜಿಲ್ಲೆ. ಆ ಬಳ್ಳಾರಿ ಜಿಲ್ಲೆಯಲ್ಲೇ 1985ರಿಂದ ನಿಮ್ಹಾನ್ಸ್‌ನವರು ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾದಾ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಯನ್ನು ಹಳ್ಳಿಯಲ್ಲೇ ಗುರುತಿಸಿ ಔಷಧ ಕೊಡಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅವತ್ತು ಹಳ್ಳಿಯ ಪಿಎಚ್‌ಸಿ ಡಾಕ್ಟರು ಕಲಿತದ್ದನ್ನು ಇವತ್ತು ಎಂಡಿ ಮಾಡಿದ ಮಕ್ಕಳ ತಜ್ಞರು ಕಲಿಯಲಾರರು ಅಂದರೆ ನಂಬುವುದು ಹೇಗೆ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನ ಮಕ್ಕಳಲ್ಲಿ ಶೇಕಡಾ 7.3ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಆ ಲೆಕ್ಕದಲ್ಲಿ ಶಾಲೆಯ ಒಂದು ಸೆಕ್ಷನ್ನಿನಲ್ಲೇ ಮೂರ್ನಾಲ್ಕು ಮಕ್ಕಳು. ಅವರೂ ಹೊಟ್ಟೆ ನೋವು, ತಲೆನೋವು ಅಂತ ಮೊದಲು ಹೋಗುವುದು ಇದೇ ಕ್ಲಿನಿಕ್ಕುಗಳಿಗೆ ತಾನೇ. ಚಿಕಿತ್ಸೆಯನ್ನು ಅವರೇ ಕೊಡಬೇಕು ಅಂತ ಯಾರೂ ಕೇಳುತ್ತಿಲ್ಲ. ಒಂದು ಪ್ರಶ್ನೆ ಕೇಳಿ, ಒಂದು ಚೀಟಿ ಬರೆದರೆ ಸಾಕು.

ಗೊತ್ತಿರುವ ಮನೆಗಳಿಂದ ಈಗ ನನಗೆ ಆಗಾಗ ಫೋನ್ ಬರುತ್ತದೆ. ಹೆಚ್ಚಿನವರು ಕೇಳುವುದು ಮದುವೆಯ ವಿಷಯ, ಶಾಲೆಗೆ ಗೊತ್ತಾಗುತ್ತಾ ಅನ್ನುವ ವಿಷಯ. ಕಾಯಿಲೆಯ ವಿಷಯ ಕೊನೆಗೆ. ನಾನು 14416 ಕೊಡುತ್ತೇನೆ. ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಬರೀ ಹೊಟ್ಟೆ ನೋವು ಅನ್ನಬೇಡಿ, ಸೈಕಿಯಾಟ್ರಿಗೆ ರೆಫರೆನ್ಸ್ ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಿ, ಬರೆಯಲ್ಲ ಅಂದರೆ ಯಾಕೆ ಅಂತ ಕೇಳಿ ಅಂತಲೂ ಹೇಳುತ್ತೇನೆ. ಬರೆಯದಿದ್ದರೂ ಹೋಗಿ ತೋರಿಸೋಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮಗಳು ಈಗ ಎಂಟನೇ ತರಗತಿ. ಪೂರ್ತಿ ಹೋಯಿತು ಅಂತ ಹೇಳಲಾರೆ. ಪರೀಕ್ಷೆ ಹತ್ತಿರ ಬಂದರೆ ಬಚ್ಚಲಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಆಗುತ್ತದೆ, ಅದನ್ನು ಅವಳೇ ಬಂದು ಹೇಳುತ್ತಾಳೆ. ಮಾತ್ರೆಯ ಡೋಸ್ ಇಳಿಸುವ ಬಗ್ಗೆ ಮನೋವೈದ್ಯರು, ಮಕ್ಕಳ ಡಾಕ್ಟರು ಇಬ್ಬರೂ ಮಾತಾಡಿಕೊಂಡಿದ್ದಾರೆ. ಬೇಸಿಗೆ ರಜೆಯಲ್ಲಿ ಶುರು ಮಾಡೋಣ ಅಂದಿದ್ದಾರೆ. ಅವಳು ಮಾತ್ರ ಗಣಿತ ಪರೀಕ್ಷೆ ಮುಗಿದ ಮರುದಿನವೇ ಆಗಲಿ ಅಂತ ಹಟ ಹಿಡಿದಿದ್ದಾಳೆ.